ಚೌಕಳಿ ಕಾಗದದ ಮೇಲೆ ಒಂಬತ್ತು ಕೀಲಿ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹತ್ತುವ ಮೆಟ್ಟಿಲುಗಳ ಕೆಳಗೆ, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಮಾತಾಡಬೇಕಾದಷ್ಟು ಜಾಗದಲ್ಲಿ, ಕೀಲಿಯಣ್ಣನ ಅಂಗಡಿ. ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲೇ. ಗೋಡೆಗೆ ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗಳ ತುಂಬ ಇನ್ನೂ ಹಲ್ಲು ಮೂಡದ ಬೋಳು ಕೀಲಿಗಳು. ಮೇಲೆ ಡಾಕ್ಟರು ಇದ್ದ ಹಲ್ಲು ಕೀಳುತ್ತಾರೆ, ಕೆಳಗೆ ಇವನು ಇಲ್ಲದ ಹಲ್ಲು ಕೊರೆಯುತ್ತಾನೆ. ಹೀಗಾಗಿ ಆ ಕಟ್ಟಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೊರೆಯುವ ಸದ್ದು ತಪ್ಪಿದ್ದಲ್ಲ. ಯಾವ ಸದ್ದು ಎಲ್ಲಿಯದೆಂದು ತಿಳಿಯದೆ ಮೊದಲ ಮೆಟ್ಟಿಲಿನಿಂದಲೇ ವಾಪಸು ಹೋದ ರೋಗಿಗಳೂ ಇದ್ದಾರೆ.

ಅವನಿಗೆ ತಂದೆತಾಯಿ ಇಟ್ಟ ಹೆಸರು ಒಂದಿದೆ. ಅದು ಕರೆಂಟ್ ಬಿಲ್ಲಿಗೆ ಮಾತ್ರ ಗೊತ್ತು.

ಕೆಲಸ ಕಲಿಸಿದ ಮುದುಕ ಮೊದಲ ದಿನ ಅವನ ಕೈಗೆ ಅರ ಕೊಡಲಿಲ್ಲ. "ಬಾಗಿಲು ತೆಗೆದ ತಕ್ಷಣ ಬೆನ್ನು ತಿರುಗಿಸೋದು ಕಲಿ. ಅರ ಉಜ್ಜೋದು ಯಾವ ಕತ್ತೆಯಾದ್ರೂ ಕಲೀತದೆ" ಎಂದಿದ್ದ. ಅಂದಿನಿಂದ ಕೀಲಿಯಣ್ಣ ಯಾರ ಮನೆಯ ಬಾಗಿಲು ತೆರೆದುಕೊಟ್ಟರೂ ಆ ಕ್ಷಣಕ್ಕೇ ಬೀದಿಯ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಆ ಬಡಾವಣೆಯ ಅರ್ಧ ಬಾಗಿಲುಗಳನ್ನು ಅವನು ತೆರೆದಿದ್ದಾನೆ. ಒಂದು ಮನೆಯ ಸೋಫಾದ ಬಣ್ಣವೂ ಅವನಿಗೆ ತಿಳಿಯದು. ಜನಕ್ಕೂ ಇದು ಗೊತ್ತು. ಸೈಕಲ್ಲನ್ನು ಪಕ್ಕದ ಮನೆಯವರಿಗೆ ಕೊಡುವ ಮುಂಚೆ ಎರಡು ಸಲ ಯೋಚಿಸುವವರು ಮನೆಯ ಕೀಲಿಯನ್ನು ಇವನ ಮೇಜಿನ ಮೇಲೆ ಎಸೆದು, "ಸಂಜೆ ಬರ್ತೀನಿ ಕೀಲಿಯಣ್ಣಾ" ಎಂದು ಹೋಗಿಬಿಡುತ್ತಾರೆ. ಅವನಿಗಿದ್ದ ಆಸ್ತಿ ಎಂದರೆ ಅದೊಂದೇ, ಆ ಎಸೆಯುವ ಸದ್ದು.

ಇಡೀ ಬಡಾವಣೆಯಲ್ಲಿ ಅವನನ್ನು ನಂಬದ ಜೀವ ಒಂದೇ. ಅದು ಅವನ ಮನೆಯಲ್ಲೇ ಇತ್ತು. ಸರಿಯಾಗಿ ಹೇಳಬೇಕೆಂದರೆ ಇವನು ಅದರ ಮನೆಯಲ್ಲಿದ್ದ. ಕೀಲಿಯಣ್ಣ ಮನೆ ಅಳಿಯ. ಅತ್ತೆಯ ಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕಿದೆ. ಅದರ ಕೀಲಿ ದಾರದಲ್ಲಿ ಪೋಣಿಸಿ ಅತ್ತೆಯ ಕುತ್ತಿಗೆಯಲ್ಲಿದೆ. ಇಪ್ಪತ್ತಾರು ವರ್ಷದಿಂದ ಒಂದೇ ಸೂರಿನ ಕೆಳಗಿದ್ದರೂ ಕೀಲಿಯಣ್ಣ ಆ ಕೀಲಿಯ ಹಿಡಿಯನ್ನು ಬಿಟ್ಟು ಬೇರೆ ಭಾಗ ಕಂಡವನಲ್ಲ. ಅವನು ಕೋಣೆಗೆ ಕಾಲಿಟ್ಟರೆ ಅತ್ತೆಯ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ.

ಇಂಥವನು ವೆಬ್‌ಸೈಟ್ ಮಾಡಲು ಹೊರಟದ್ದು ಅವಮಾನದಿಂದ.

ಒಂದು ಬೆಳಿಗ್ಗೆ ಬೆನ್ನಿಗೆ ಚೀಲ ಹಾಕಿಕೊಂಡಿದ್ದ ಒಬ್ಬ ಅಂಗಡಿಯ ಮುಂದೆ ನಿಂತು ಕೇಳಿದ, "ಅಣ್ಣಾ, ಹಲ್ಲಿನ ಡಾಕ್ಟರ್ ಮೇಲೇನಾ?"

"ಮೇಲೇ. ತುಂಬಾ ನೋವಾ?"

"ನೋವಿಲ್ಲ ಅಣ್ಣ, ಕ್ಲಿನಿಕ್ ಕೀಲಿ ಕಳೆದಿದೆಯಂತೆ. ಬಸ್ ನಿಲ್ದಾಣದ ಹತ್ತಿರ ಯಂತ್ರದಲ್ಲಿ ಕೀಲಿ ಮಾಡೋ ಅಂಗಡಿಯಿಂದ ಬಂದಿದ್ದೀನಿ."

ಹೇಳಿ, ಕೀಲಿಯಣ್ಣನ ತಲೆಯ ಮೇಲೇ ಧಡಧಡನೆ ಹತ್ತಿ ಹೋದ. ಕಾಲು ಗಂಟೆಯಲ್ಲಿ ಹೊಸ ಬೀಗ ಹಾಕಿ ಅಷ್ಟೇ ಧಡಧಡನೆ ಇಳಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದನ್ನು ಕೀಲಿಯಣ್ಣ ಗಾದೆಯೆಂದು ತಿಳಿದಿದ್ದ; ಅದು ಮೆಟ್ಟಿಲಿಳಿದು ಬರುವುದನ್ನು ಅವನು ನೋಡಿದ್ದು ಅಂದೇ.

ಮಧ್ಯಾಹ್ನ ಊಟಕ್ಕಿಳಿದ ಡಾಕ್ಟರನ್ನು ಅವನು ಕೇಳಿಯೇ ಬಿಟ್ಟ. "ಡಾಕ್ಟ್ರೇ, ನಾನು ಇಲ್ಲೇ ಕೆಳಗೆ ಇದ್ದೆನಲ್ಲ?"

ಡಾಕ್ಟರು ನಿಜವಾಗಿಯೂ ನೊಂದುಕೊಂಡರು. "ಅಯ್ಯೋ, ಹೌದಲ್ಲ! ಗಾಬರಿಯಲ್ಲಿ ಫೋನಲ್ಲಿ ಹುಡುಕಿದೆ ಕೀಲಿಯಣ್ಣ. ನೀವು ಇರಲಿಲ್ಲ."

"ಕೆಳಗೆ ಇದ್ದೆ."

"ಕೆಳಗೆ ಇದ್ರಿ. ಫೋನಲ್ಲಿ ಇರಲಿಲ್ಲ."

ಭಾನುವಾರ ನಾದಿನಿ ಬಂದಳು. ಹೆಂಡತಿಯ ತಂಗಿ, ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕೌಂಟರಿನವಳು, ಮನೆಯಲ್ಲಿ ಕಂಪ್ಯೂಟರಿಗೆ ಹೆದರದ ಒಬ್ಬಳೇ ವ್ಯಕ್ತಿ. "ನಾನು ಮಾಡಿಕೊಡ್ತೀನಿ ಭಾವ, ಒಂದು ಗಂಟೆ ಕೆಲಸ" ಎಂದಳು.

"ಬೇಡಮ್ಮ. ದಾರಿ ತೋರಿಸು ಸಾಕು. ನಾನು ಬಿಚ್ಚದ ಬೀಗ ಇದೆಯಾ? ಇದೇನು ಮಹಾ!"

ಆ ಮಹಾ ಮೂರು ವಾರ ತೆಗೆದುಕೊಂಡಿತು. ಹಳೆಯ ಕಂಪ್ಯೂಟರು ನಡುಮನೆಯ ಕಿಟಕಿಯ ಪಕ್ಕ ಇತ್ತು. ಅಂಗಡಿ ಮುಚ್ಚಿ ಬಂದವನು ಕೈಕಾಲು ತೊಳೆದು ಅದರ ಮುಂದೆ ಕೂರುತ್ತಿದ್ದ, ಬೀಗ ಬಿಚ್ಚುವಾಗಿನಂತೆ ನಾಲಿಗೆಯ ತುದಿ ಹೊರಗೆ ಹಾಕಿಕೊಂಡು. ದುಡ್ಡಿಲ್ಲದೆ ಸಿಗುವ ಸೈಟು. ಅದರಲ್ಲಿ ಎಲ್ಲವೂ ಮೊದಲೇ ತಯಾರಾಗಿರುತ್ತದೆ, ಇರುವುದನ್ನು ತೆಗೆದು ನಮ್ಮದನ್ನು ಹಾಕಬೇಕು. ಹಾಕುವುದು ಸುಲಭ, ತೆಗೆಯುವುದೇ ಕಷ್ಟ. ಮೊದಲ ಪುಟದಲ್ಲಿ ಒಬ್ಬ ಹೆಂಗಸು ತಟ್ಟೆ ತುಂಬ ಸೊಪ್ಪು ಇಟ್ಟುಕೊಂಡು, ಸೊಪ್ಪು ಏನೋ ಭಾರೀ ನಗೆಚಾಟಿಕೆ ಹೇಳಿದಂತೆ ನಗುತ್ತಿದ್ದಳು. ಮೂರು ದಿನವಾದರೂ ಅವಳು ಜಾಗ ಬಿಟ್ಟು ಕದಲಲಿಲ್ಲ.

"ಯಾರ್ರೀ ಇವಳು?" ಎಂದಳು ಹೆಂಡತಿ.

"ನಾನು ಬರೋ ಮುಂಚೇನೇ ಇದ್ದಳು ಕಣೇ."

"ಹೋಗು ಅಂತ ಹೇಳಿ."

"ಹೇಳ್ತಾನೇ ಇದ್ದೀನಿ. ನಗ್ತಾಳೆ."

'ನಮ್ಮ ಬಗ್ಗೆ' ಎಂದಿದ್ದ ಕಡೆ ಅವನು ಬಹಳ ಹೊತ್ತು ಯೋಚಿಸಿ, 'ನಾವು ಒಬ್ಬರೇ' ಎಂದು ಬರೆದ. 'ನಮ್ಮ ತಂಡ' ಎಂಬಲ್ಲಿ ಚಿತ್ರ ಹಾಕಲು ನಾಲ್ಕು ಗುಂಡು ಜಾಗಗಳಿದ್ದವು. ಎರಡನ್ನು ಹೇಗೋ ಅಳಿಸಿದ. ಉಳಿದೆರಡರಲ್ಲಿ ಒಂದಕ್ಕೆ ತನ್ನ ಮುಖವನ್ನು ನೇರವಾಗಿ, ಇನ್ನೊಂದಕ್ಕೆ ಪಕ್ಕದಿಂದ ತೆಗೆಸಿ ಹಾಕಿದ. ಹೆಂಡತಿ ಕನ್ನಡಕ ಏರಿಸಿ ನೋಡಿ, "ಬೀಗ ಒಡೆದು ಸಿಕ್ಕಿಬಿದ್ದವರದ್ದು ಪೊಲೀಸ್ ಸ್ಟೇಷನ್ನಲ್ಲಿ ಹೀಗೇ ತೆಗೀತಾರೆ" ಎಂದಳು. ಪಕ್ಕದ ಮುಖವನ್ನು ಅಳಿಸಿದ.

ಎಲ್ಲಕ್ಕಿಂತ ಅವನನ್ನು ಚುಚ್ಚಿದ್ದು ಪಾಸ್‌ವರ್ಡು. ಅವನು ಹಾಕಿದ್ದನ್ನು ನೋಡಿ ಸೈಟು ಕೆಂಪು ಅಕ್ಷರದಲ್ಲಿ 'ದುರ್ಬಲವಾಗಿದೆ' ಎಂದಿತು. ಇಪ್ಪತ್ತೊಂಬತ್ತು ವರ್ಷ ಬೀಗದ ಕೆಲಸ ಮಾಡಿದವನಿಗೆ ನಿನ್ನ ಬೀಗ ದುರ್ಬಲ ಎನ್ನುವುದೇ? ರೋಷದಿಂದ ಅಂಕಿ, ಚಿಹ್ನೆ, ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲ ಹಾಕಿ ಹದಿನೆಂಟು ಅಕ್ಷರಗಳ ಪಾಸ್‌ವರ್ಡು ಕಟ್ಟಿದ. ಸೈಟು 'ಅತ್ಯಂತ ಬಲವಾಗಿದೆ' ಎಂದು ಹಸಿರಾಯಿತು. ಅದು ಎಷ್ಟು ಬಲವಾಗಿತ್ತೆಂಬುದು ಅವನಿಗೆ ಮುಂದೆ ತಿಳಿಯಲಿಕ್ಕಿತ್ತು.

"ಭಾವ, ಬರೀ ಅಕ್ಷರ ಇದ್ರೆ ಯಾರೂ ಓದಲ್ಲ. ನಿಮ್ಮ ಕೆಲಸ ತೋರಿಸಿ. ಫೋಟೋ ಹಾಕಿ. ಫೋಟೋ ಕೆಳಗೆ ವಿವರ ಹಾಕಿ. ವಿವರ ಇದ್ರೇನೇ ಜನ ನಂಬೋದು" ಎಂದು ನಾದಿನಿ ಫೋನಿನಲ್ಲಿ ಹೇಳಿದಳು.

ಕೆಲಸ ತೋರಿಸುವುದೆಂದರೆ ಕೀಲಿ ತೋರಿಸುವುದು, ಇನ್ನೇನನ್ನು ತೋರಿಸಲಾದೀತು? ತಾನು ಕೈಯಲ್ಲಿ ಉಜ್ಜಿ ಮಾಡಿದ ಅತ್ಯುತ್ತಮ ಒಂಬತ್ತು ಕೀಲಿಗಳನ್ನು ಅವನು ಮನಸ್ಸಿನಲ್ಲೇ ಆರಿಸಿದ. ನೀಲಿ ಗೇಟಿನ ಮನೆಯ ಟೀಚರಮ್ಮನದು, ಎರಡೂ ಕಡೆ ಹಲ್ಲಿರುವಂಥದು. ಪಕ್ಕದ ಲಾಂಡ್ರಿಯದು, ಮೂರು ತಲೆಮಾರಿನ ಹಳೆಯ ಬೀಗಕ್ಕೆ ಸರಿಹೊಂದಿಸಿದ್ದು. ಮೂಲೆಮನೆಯ ನಿವೃತ್ತ ಗಡಿಯಾರ ರಿಪೇರಿಯ ಅಜ್ಜನದು. ಹೀಗೆ ಒಂಬತ್ತು. ಮನೆಮನೆಗೆ ಹೋಗಿ, "ಒಂದು ಫೋಟೋಗೆ ಬೇಕಿತ್ತು, ಅರ್ಧ ಗಂಟೆ" ಎಂದು ಕೇಳಿದ. ಒಬ್ಬರೂ ಏಕೆ ಎನ್ನಲಿಲ್ಲ. ಲಾಂಡ್ರಿಯವನಂತೂ ಇಸ್ತ್ರಿಯಿಂದ ಕಣ್ಣೆತ್ತದೆ ಕೀಲಿಯನ್ನು ಎಸೆದ.

ಹತ್ತನೆಯದೊಂದು ಬೇಕೆನಿಸಿತು. ನಡುವೆ ರಾಜನ ಹಾಗೆ ಇಡಲು.

"ಅತ್ತೆ, ನಿಮ್ಮ ಟ್ರಂಕಿನ ಕೀಲಿ ಒಂದು ಐದು ನಿಮಿಷ ಕೊಡ್ತೀರಾ? ಈಗಿನ ಕಾಲದಲ್ಲಿ ಅಂಥ ಕೀಲಿ ಯಾರೂ ಮಾಡಲ್ಲ. ಒಂದು ಫೋಟೋ."

ಅತ್ತೆಯ ಕೈ ಕುತ್ತಿಗೆಗೆ ಹೋಯಿತು. "ಕೀಲಿ ತೋರಿಸೋ ಸಾಮಾನಲ್ಲ, ಅಳಿಯಂದ್ರೇ."

"ಮುಟ್ಟಲ್ಲ ಅತ್ತೆ. ನೀವೇ ಹಿಡ್ಕೊಳ್ಳಿ. ಬರೀ ಚಿತ್ರ."

"ಅದನ್ನೇ ಹೇಳಿದ್ದು" ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

"ನಿಮ್ಮಮ್ಮನಿಗೆ ಕಾಲ ಎಲ್ಲಿಗೆ ಬಂದಿದೆ ಅಂತಾನೇ ಗೊತ್ತಿಲ್ಲ" ಎಂದು ಅವನು ಹೆಂಡತಿಯ ಹತ್ತಿರ ಗೊಣಗಿದ. ಒಂಬತ್ತೇ ಸಾಕೆಂದುಕೊಂಡ.

ಚಿತ್ರಗಳನ್ನು ತೆಗೆಯುವಾಗ ಅವನಿಗೊಂದು ಉಪಾಯ ಹೊಳೆಯಿತು. ತನ್ನ ಕೆಲಸ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ನೋಡುವವರಿಗೆ ತಿಳಿಯುವುದು ಹೇಗೆ? ಜೆರಾಕ್ಸ್ ಅಂಗಡಿಗೆ ಹೋಗಿ, ಮಿಲಿಮೀಟರ್ ಗೆರೆಗಳ ಚೌಕಳಿ ಕಾಗದ ತಂದ. ಒಂದೊಂದು ಕೀಲಿಯನ್ನೂ ಅದರ ಮೇಲೆ ನೇರವಾಗಿ ಮಲಗಿಸಿ, ಬೆಳಕು ಸರಿಯಾಗಿ ಬೀಳುವಂತೆ ಕಿಟಕಿಯ ಹತ್ತಿರ ಹಿಡಿದು, ಉಸಿರು ಬಿಗಿಹಿಡಿದು ತೆಗೆದ. ಪ್ರತಿ ಹಲ್ಲಿನ ಏರು, ಇಳಿತ, ಆಳ ಎಲ್ಲವೂ ಎಣಿಸಬಹುದಾದಷ್ಟು ಸ್ಪಷ್ಟ. ನಾದಿನಿ ವಿವರ ಬೇಕೆಂದಿದ್ದಳಲ್ಲ, ಕೆಳಗೆ ಬರೆದ: 'ಮೂರನೇ ಅಡ್ಡರಸ್ತೆ, ನೀಲಿ ಗೇಟಿನ ಮನೆ, ಮುಂಬಾಗಿಲು.' 'ಕ್ಲಿನಿಕ್ ಪಕ್ಕದ ಲಾಂಡ್ರಿ, ಷಟರ್.' ಕೀಲಿಯನ್ನು ಮನೆಯವರಿಗೆ ಹಿಂದಿರುಗಿಸಿ, ಚಿತ್ರವನ್ನು ಲೋಕಕ್ಕೆ ಕೊಟ್ಟ.

ಸೈಟು ಹೊರಬಿತ್ತು. ಕೆಳತುದಿಯಲ್ಲಿ ಎಷ್ಟು ಸಲ ನೋಡಿದ್ದಾರೆಂದು ತೋರಿಸುವ ಒಂದು ಪುಟ್ಟ ಅಂಕಿ ಇತ್ತು. ಕೀಲಿಯಣ್ಣ ಬೆಳಿಗ್ಗೆ ಎದ್ದು ಅದನ್ನು ನೋಡುತ್ತಿದ್ದ, ಮಧ್ಯಾಹ್ನ ಊಟಕ್ಕೆ ಬಂದಾಗ ನೋಡುತ್ತಿದ್ದ, ಸಂಜೆ ನೋಡುತ್ತಿದ್ದ. ನೋಡಿದಾಗಲೆಲ್ಲ ಅದು ಒಂದು ಏರಿರುತ್ತಿತ್ತು. ಜನ ಬರುತ್ತಿದ್ದಾರೆಂದು ಹಿಗ್ಗುತ್ತಿದ್ದ.

ಹನ್ನೊಂದನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಫೋನ್ ಬಂತು. ಗೊತ್ತಿಲ್ಲದ ದನಿ.

"ಕೀಲಿಯಣ್ಣ ಅಂದ್ರೆ ನೀವೇನಾ? ನಮಸ್ಕಾರ ಅಣ್ಣ. ನಾನೂ ನಿಮ್ಮ ಕಸುಬಿನವನೇ, ಇಲ್ಲಿಂದ ಆರು ಗಂಟೆ ದಾರಿ. ನಿಮ್ಮ ಸೈಟ್ ನೋಡಿದೆ. ಕೆಲಸ ಅಂದ್ರೆ ಅದಪ್ಪಾ! ಯಂತ್ರಕ್ಕೆ ಬರುತ್ತಾ ಅಂಥದ್ದು?"

ಕೀಲಿಯಣ್ಣ ಬೆನ್ನು ನೇರ ಮಾಡಿಕೊಂಡ. ಮೆಟ್ಟಿಲು ತಲೆಗೆ ತಾಗಿತು. "ಏನೋ, ನಿಮ್ಮಂಥವರ ಅಭಿಮಾನ."

"ಸುಮ್ನೆ ಹೇಳ್ತಿಲ್ಲ ಅಣ್ಣ. ಆ ನೀಲಿ ಗೇಟಿಂದು ಇದೆಯಲ್ಲ, ಎರಡು ಕಡೆ ಹಲ್ಲಿಂದು, ಅದನ್ನ ನೋಡ್ಕೊಂಡೇ ಅಭ್ಯಾಸಕ್ಕೆ ಅಂತ ಒಂದು ಕೊರೆದೆ. ಚೌಕಳಿ ಕಾಗದ ಇಟ್ಟಿದ್ರಲ್ಲ, ಬಹಳ ಅನುಕೂಲ ಆಯ್ತು. ಎಳೆ ಬಿಡದ ಹಾಗೆ ಬಂದಿದೆ."

"ಓಹೋ, ಬಂತಾ?" ಎಂದು ಕೀಲಿಯಣ್ಣ ಸಂತೋಷದಿಂದ ಕೇಳಿದ. ಆ ಸಂತೋಷ ಮೂರು ಸೆಕೆಂಡು ಇತ್ತು.

"ಬೇಕಾದ್ರೆ ಅವರಿಗೇ ಕೊರಿಯರ್ ಮಾಡ್ತೀನಿ. ವಿಳಾಸ ಹೇಗೂ ಕೆಳಗೇ ಇದೆ."

ಕೀಲಿಯಣ್ಣನ ಕೈಯಲ್ಲಿದ್ದ ಅರ ಕೆಳಗೆ ಬಿತ್ತು. ಅತ್ತ ಕಡೆಯವನೂ ಕಸುಬಿನವನೇ, ಅರ ಬಿದ್ದ ಸದ್ದಿನ ಅರ್ಥ ಅವನಿಗೂ ಆಯಿತು. ಮೆಲ್ಲಗೆ, "ಅಣ್ಣಾ... ನಾನು ಇದನ್ನ ಕರಗಿಸಿಬಿಡ್ತೀನಿ. ನಾನು ಒಳ್ಳೆಯವನು. ಆದ್ರೆ ಎಲ್ಲರೂ ನನ್ನ ಹಾಗೆ ಫೋನ್ ಮಾಡಲ್ಲ" ಎಂದ.

ಕೀಲಿಯಣ್ಣ ನಡು ಮಧ್ಯಾಹ್ನ ಅಂಗಡಿ ಮುಚ್ಚಿದ. ಮನೆಗೆ ಎರಡು ಬೀದಿ. ದಾರಿಯಲ್ಲಿ ಟೀಚರಮ್ಮ ಎದುರಾಗಿ, "ಏನು ಕೀಲಿಯಣ್ಣ, ಯಾರೋ ಹೊರಗೆ ಸಿಕ್ಕಿಹಾಕಿಕೊಂಡಿದ್ದಾರಾ?" ಎಂದು ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ಜೇಬು ತಡಕಿತು, ಅವರ ಕೀಲಿ ಅಲ್ಲೇ ಇದೆಯೇನೋ ಎಂಬಂತೆ.

ಕಂಪ್ಯೂಟರಿನ ಮುಂದೆ ಕೂತ. ಸೈಟು ಪಾಸ್‌ವರ್ಡ್ ಕೇಳಿತು. ಹಾಕಿದ. ತಪ್ಪು. ಮತ್ತೆ ಹಾಕಿದ. ತಪ್ಪು. ಚಿಹ್ನೆಯನ್ನು ಮುಂದಿಟ್ಟ, ಹಿಂದಿಟ್ಟ. ತಪ್ಪು. ಲೋಕದ ಬೀಗಗಳನ್ನೆಲ್ಲ ಬಿಚ್ಚಿದವನು ತಾನೇ ಮಾಡಿದ ಬೀಗದ ಮುಂದೆ ಬೆವರುತ್ತ ಕೂತ. ಸಾಮಾನ್ಯ ಬೀಗವಾಗಿದ್ದರೆ ಕಿವಿಗೊಟ್ಟು ಆಲಿಸಬಹುದಿತ್ತು, ಕಡ್ಡಿ ಹಾಕಿ ಅಲ್ಲಾಡಿಸಬಹುದಿತ್ತು. ಇದಕ್ಕೆ ತೂತೇ ಇರಲಿಲ್ಲ.

ಹೆಂಡತಿ ತಂಗಿಗೆ ಫೋನ್ ಮಾಡಿ ಮೇಜಿನ ಮೇಲಿಟ್ಟಳು, ಎಲ್ಲರಿಗೂ ಕೇಳುವ ಹಾಗೆ.

"ಗಾಬರಿ ಬೇಡ ಭಾವ. ಮರೆತರೆ ಕೇಳೋ ಪ್ರಶ್ನೆ ಅಂತ ಒಂದಿತ್ತಲ್ಲ? ಉತ್ತರ ಕೊಟ್ಟರೆ ತೆಗೆಯುತ್ತೆ. ಏನು ಪ್ರಶ್ನೆ?"

"ಮನೆಯ ಮೊದಲ ಸಾಕುಪ್ರಾಣಿ ಯಾವುದು ಅಂತ."

"ಏನು ಬರೆದಿದ್ರಿ?"

ಕೀಲಿಯಣ್ಣನಿಗೆ ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಆದರೆ ಅತ್ತೆ ಗದ್ದಲ ಕೇಳಿ ಎದ್ದು ಬಂದು ಬಾಗಿಲಲ್ಲೇ ನಿಂತಿದ್ದರು. ಫೋನಿನ ಮೇಲೆ ಬಾಗಿ ಪಿಸುಗುಟ್ಟಿದ.

"ಕೇಳಿಸ್ತಿಲ್ಲ ಭಾವ. ಜೋರಾಗಿ."

ಮತ್ತೆ ಪಿಸುಗುಟ್ಟಿದ.

"ಮನೆ ಅಳಿಯ ಅಂತಾನಾ?" ಎಂದು ನಾದಿನಿ ಆಸ್ಪತ್ರೆಯ ಕೌಂಟರಿನಿಂದ ಇಡೀ ಮನೆಗೆ ಕೇಳುವಂತೆ ಕೂಗಿದಳು.

ಅವನು ಟೈಪು ಮಾಡಿದ. ಸೈಟು ಸದ್ದಿಲ್ಲದೆ ತೆರೆದುಕೊಂಡಿತು.

"ಉತ್ತರ ಸರಿಯಾಗೇ ಇದೆ" ಎಂದರು ಅತ್ತೆ.

ಒಂಬತ್ತು ಚಿತ್ರಗಳನ್ನೂ ಒಂದೊಂದಾಗಿ ಅಳಿಸಿದ. ಕೊನೆಯದು ಹೋದ ಮೇಲೆ ನಡೆದದ್ದನ್ನೆಲ್ಲ ಇಬ್ಬರಿಗೂ ಹೇಳಿದ. ಹೆಂಡತಿ ಪರದೆಯ ತುದಿಯ ಅಂಕಿಗೆ ಬೆರಳಿಟ್ಟು ಕೇಳಿದಳು, "ಎಷ್ಟು ಸಲ ನೋಡಿದ್ದಾರೆ?"

"ನಲವತ್ತಾರು."

"ಅದರಲ್ಲಿ ನೀವೇ ದಿನಕ್ಕೆ ಮೂರು ಸಲ. ಮೂವತ್ತಮೂರು ಅಲ್ಲೇ ಹೋಯ್ತು. ತಂಗಿ ಒಂದು ಏಳೆಂಟು. ನಾನು ಎರಡು ಸಲ, ಆ ಸೊಪ್ಪಿನವಳು ಹೋದಳಾ ಅಂತ. ಇನ್ನೇನು ಉಳೀತು? ಬಿಡಿ. ಅಳಿಸಿ ಆಯ್ತಲ್ಲ. ಯಾರಿಗೂ ಗೊತ್ತಾಗಲ್ಲ."

ಸುಲಭದ ಮಾತು. ಮೂರೋ ನಾಲ್ಕೋ ಅಪರಿಚಿತ ಕಣ್ಣುಗಳು. ಒಂದು ಫೋನ್ ಮಾಡಿದವನದು. ಉಳಿದವು ಯಾರವೋ, ಒಳ್ಳೆಯವೇ ಇರಬಹುದು. ಸುಮ್ಮನಿದ್ದರೆ ನಾಳೆಯೂ ಮೇಜಿನ ಮೇಲೆ ಕೀಲಿ ಎಸೆಯುವ ಸದ್ದು ಕೇಳುತ್ತದೆ. ಹೇಳಿದರೆ ಆ ಸದ್ದು ಇರುತ್ತದೆಯೇ? ಬೀಗದವನ ಮೇಲೆ ಒಂದು ಸಲ ಅನುಮಾನ ಬಂದರೆ ಅವನ ಹತ್ತಿರ ಉಳಿಯುವುದು ಕಬ್ಬಿಣದ ತುಂಡುಗಳು ಮಾತ್ರ. ಆದರೆ ಸುಮ್ಮನಿದ್ದರೆ ಪ್ರತಿ ಬಾರಿ ಆ ಸದ್ದು ಕೇಳಿದಾಗ ತನ್ನ ಎದೆ ಏನನ್ನುತ್ತದೆಂದು ಅವನಿಗೆ ಗೊತ್ತಿತ್ತು. ದಾರಿಯಲ್ಲಿ ಟೀಚರಮ್ಮ ನಕ್ಕಾಗಲೇ ಅದು ಒಂದು ಸಲ ಅಂದಿತ್ತು.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ" ಎಂದು ಅತ್ತೆ ಯಾರಿಗೂ ಹೇಳದಂತೆ ಹೇಳಿದರು.

"ಸೂರೆ ಹೋಗಿಲ್ಲವಲ್ಲ ಅತ್ತೆ ಇನ್ನೂ" ಎಂದ ಕೀಲಿಯಣ್ಣ. "ಬಾಗಿಲು ಬದಲಾಯಿಸ್ತೀನಿ."

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಲಿಲ್ಲ. ಚೀಲದಲ್ಲಿ ಹತ್ಯಾರ, ಪುಟ್ಟ ಡಬ್ಬಿಯಲ್ಲಿ ಹಿತ್ತಾಳೆಯ ಪಿನ್ನುಗಳು. ಬೀಗದ ಹೊಟ್ಟೆಯೊಳಗೆ ಉದ್ದ ಗಿಡ್ಡವಾಗಿ ಸಾಲಾಗಿ ನಿಲ್ಲುವ ಈ ಪಿನ್ನುಗಳನ್ನು ಅದಲುಬದಲು ಮಾಡಿದರೆ ಹಳೆಯ ಕೀಲಿ ತಿರುಗುವುದಿಲ್ಲ, ಹೊಸದೇ ಬೇಕು. ಒಂದೊಂದು ಬೀಗಕ್ಕೆ ಮುಕ್ಕಾಲು ಗಂಟೆಯ ಕೆಲಸ. ಅದಕ್ಕಿಂತ ಮೊದಲು ಬಾಗಿಲಲ್ಲಿ ನಿಂತು ಹೇಳಬೇಕಾದ ನಾಲ್ಕು ವಾಕ್ಯಗಳೇ ಹೆಚ್ಚು ಹೊತ್ತು ಹಿಡಿಯುತ್ತಿದ್ದವು.

ಟೀಚರಮ್ಮ ಪೂರ್ತಿ ಕೇಳಿಸಿಕೊಂಡು, ಮಕ್ಕಳ ಲೆಕ್ಕ ತಿದ್ದುವ ದನಿಯಲ್ಲಿ, "ತಪ್ಪು ಎಲ್ಲಿ ಆಯ್ತು ಅಂತ ಗೊತ್ತಾಯ್ತಾ?" ಎಂದರು.

"ಗೊತ್ತಾಯ್ತು ಟೀಚರ್."

"ಎಲ್ಲಿ?"

"ಚೌಕಳಿ ಕಾಗದದಲ್ಲಿ."

"ಅಲ್ಲ. ನಾನು ಕೀಲಿ ಕೊಡುವಾಗ ಫೋಟೋ ಯಾಕೆ ಅಂತ ಕೇಳಲಿಲ್ಲ, ನೀವು ಹೇಳಲಿಲ್ಲ. ಅರ್ಧ ಅಂಕ ನಿಮ್ಮದು, ಅರ್ಧ ನನ್ನದು. ಒಳಗೆ ಬನ್ನಿ." ಅವನು ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ಕೂತು, ಬೀದಿಯ ಕಡೆ ಮುಖ ಮಾಡಿ ಕೆಲಸ ಮುಗಿಸಿದ.

ಮೂಲೆಮನೆಯ ಗಡಿಯಾರದ ಅಜ್ಜ ಬಿದ್ದು ಬಿದ್ದು ನಕ್ಕರು. "ಅಯ್ಯೋ ಹುಚ್ಚಪ್ಪಾ! ಆ ಬೀಗ ಕೆಟ್ಟು ನಾಲ್ಕು ವರ್ಷ ಆಯ್ತು. ಕೀಲಿ ಸುಮ್ನೆ ತಿರುಗುತ್ತೆ, ಬಾಗಿಲು ತಳ್ಳಿದರೆ ಸಾಕು. ನಿನಗೆ ಹೇಳಿದರೆ ಬೇಜಾರಾಗ್ತೀಯ ಅಂತ ಹೇಳಲಿಲ್ಲ." ಕೀಲಿಯಣ್ಣನಿಗೆ ಆ ದಿನ ಆದ ಅವಮಾನಗಳಲ್ಲಿ ಇದು ದೊಡ್ಡದು. ತಾನು ಆರಿಸಿದ ಒಂಬತ್ತು ರತ್ನಗಳಲ್ಲಿ ಒಂದು ನಾಲ್ಕು ವರ್ಷದಿಂದ ಗಾಜಿನ ಚೂರು! ಅಲ್ಲಿ ಎರಡು ಗಂಟೆ ಕೂತು ಬೀಗವನ್ನು ಸರಿಮಾಡಿ ಎದ್ದ. ಅಂದು ಸಂಜೆಯೇ ಅಜ್ಜ ಅಭ್ಯಾಸಬಲದಿಂದ ಕೀಲಿ ಒಳಗೇ ಬಿಟ್ಟು ಹೊರಗೆ ಬಂದು, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ತನ್ನ ಮನೆಯ ಹೊರಗೆ ಸಿಕ್ಕಿಹಾಕಿಕೊಂಡರು.

ಲಾಂಡ್ರಿಯವನು ನಗಲಿಲ್ಲ. ಇಸ್ತ್ರಿಯನ್ನು ನಿಲ್ಲಿಸಿ, ಪೂರ್ತಿ ಕೇಳಿ, "ಊರವರ ಬಟ್ಟೆ ಇದೆ ಇಲ್ಲಿ" ಎಂದ.

"ಅದಕ್ಕೇ ಬಂದೆ. ಈಗಲೇ ಬದಲಾಯಿಸಿಕೊಡ್ತೀನಿ."

"ಬೇಡ. ನೀನು ಮುಟ್ಟಬೇಡ." ಮಧ್ಯಾಹ್ನ ಬಸ್ ನಿಲ್ದಾಣದ ಯಂತ್ರದ ಅಂಗಡಿಯವನೇ ಬಂದು ಷಟರಿಗೆ ಹೊಸ ಬೀಗ ಹಾಕಿ ಹೋದ. ಈ ಸಲ ಅವನು ಮೆಟ್ಟಿಲು ಹತ್ತುವ ಪ್ರಮೇಯವೂ ಇರಲಿಲ್ಲ, ಕೀಲಿಯಣ್ಣನ ಕಣ್ಣ ಮುಂದೆಯೇ ಆಯಿತು. ಕೀಲಿಯಣ್ಣ ಎದುರಾಡಲಿಲ್ಲ. ಲಾಂಡ್ರಿಯವನ ಸಿಟ್ಟು ಸರಿಯಾದ ಸಿಟ್ಟು, ಅದನ್ನು ತಿದ್ದಲು ಅವನ ಚೀಲದಲ್ಲಿ ಹತ್ಯಾರವಿರಲಿಲ್ಲ.

ಉಳಿದವರಲ್ಲಿ ಕೆಲವರು ಟೀ ಕೊಟ್ಟರು, ಕೆಲವರು ಮುಖ ಗಂಟು ಹಾಕಿಕೊಂಡರು, ಆದರೆ ಬೀಗ ಬಿಚ್ಚಲು ಬಿಟ್ಟರು. ಮೂರು ದಿನಕ್ಕೆ ಎಂಟು ಮನೆ ಮುಗಿಯಿತು. ಸುದ್ದಿಗೆ ಅಷ್ಟೂ ಹೊತ್ತು ಬೇಕಾಗಲಿಲ್ಲ, ಎರಡನೆಯ ದಿನವೇ ಬ್ರೆಡ್ ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಬಂದು ಜಗಳಕ್ಕೆ ನಿಂತ.

"ಏನಯ್ಯಾ, ಬಡಾವಣೆಯ ಒಳ್ಳೊಳ್ಳೆ ಕೀಲಿ ಎಲ್ಲ ಹಾಕಿದ್ದೆಯಂತೆ? ನನ್ನದು ಯಾಕೆ ಹಾಕಲಿಲ್ಲ? ನಿನ್ನ ಹತ್ತಿರಾನೇ ಮಾಡಿಸಿದ್ದು ನಾನು!"

"ನಿಮ್ಮದು ಸುರಕ್ಷಿತವಾಗಿದೆ, ಅದಕ್ಕೆ ಸಂತೋಷಪಡಿ."

"ಸಂತೋಷ ಹಾಗಿರಲಿ. ನನ್ನ ಕೀಲಿಗೇನು ಕಡಿಮೆಯಾಗಿತ್ತು ಅದು ಹೇಳು."

ಆದರೂ ಆ ತಿಂಗಳು ಮೇಜಿನ ಮೇಲೆ ಕೀಲಿ ಎಸೆಯುವ ಸದ್ದು ಕಡಿಮೆಯಾಯಿತು. ಕೊಡುತ್ತಿದ್ದರು, ಆದರೆ ಕೈಗೆ ಕೊಟ್ಟು, ಅಲ್ಲೇ ನಿಂತು ಮಾಡಿಸಿಕೊಂಡು ಹೋಗುತ್ತಿದ್ದರು. ಮೇಲೆ ಕೊರೆಯುವ ಸದ್ದು ನಿಂತಾಗ ಕೆಳಗೆ ಎಷ್ಟು ಮೌನವಿರುತ್ತದೆಂದು ಅವನಿಗೆ ಈಗ ತಿಳಿಯಿತು.

ಸೈಟಿನಲ್ಲಿ ಚಿತ್ರಗಳಿದ್ದ ಪುಟ ಖಾಲಿ ಬಿದ್ದಿತ್ತು. ನಾದಿನಿ ಹೇಳಿದಳು, "ಅಲ್ಲಿ ಏನಾದ್ರೂ ಹಾಕಿ ಭಾವ, ಬೋಳಾಗಿ ಕಾಣುತ್ತೆ." ಅವನು ಎರಡು ಸಂಜೆ ಕೂತು ಬರೆದ: 'ಇಲ್ಲಿ ಹನ್ನೊಂದು ದಿನ ಒಂಬತ್ತು ಕೀಲಿಗಳ ಚಿತ್ರವಿತ್ತು. ಹಾಕಬಾರದಿತ್ತು. ಆ ಬೀಗಗಳನ್ನೆಲ್ಲ ಬದಲಾಯಿಸಿ ಆಗಿದೆ. ನಿಮ್ಮ ಕೀಲಿ ಇಲ್ಲಿ ಎಂದಿಗೂ ಕಾಣುವುದಿಲ್ಲ. ಬೇರೆ ಯಾರಾದರೂ ತಮ್ಮ ಕೀಲಿಯ ಚಿತ್ರ ತೋರಿಸಿದರೆ ದಯವಿಟ್ಟು ಬೇಡವೆನ್ನಿ.' ಕೆಳಗೆ ಒಂದು ಚಿತ್ರ ಹಾಕಿದ. ಹಲಗೆ, ಮೊಳೆ, ಬೋಳು ಕೀಲಿಗಳು. ಹಲ್ಲಿಲ್ಲದವು ಯಾರನ್ನೂ ಕಚ್ಚುವುದಿಲ್ಲ.

ಆಮೇಲಿನ ವಾರ ಅಪರಿಚಿತ ಹೆಂಗಸೊಬ್ಬರು ಫೋನ್ ಮಾಡಿ, "ತಪ್ಪಾಯ್ತು ಅಂತ ಬರೆದಿರೋ ಬೀಗದವರು ನೀವೇನಾ? ನಮ್ಮ ಮನೆಗೆ ಬರ್ತೀರಾ?" ಎಂದು ಕೇಳಿದರು. ಸೈಟಿನಿಂದ ಬಂದ ಮೊದಲ ಗಿರಾಕಿ. ಆಮೇಲೆ ಇನ್ನೊಬ್ಬರು. ಕೋಟೆ ಕಟ್ಟುವಷ್ಟೇನೂ ಅಲ್ಲ, ವಾರಕ್ಕೊಂದು, ಎರಡು. ಲಾಂಡ್ರಿಯ ಷಟರಿಗೆ ಇಂದಿಗೂ ಬಸ್ ನಿಲ್ದಾಣದ ಬೀಗವೇ. ಆದರೆ ಹೋದ ತಿಂಗಳು ಲಾಂಡ್ರಿಯವನು, "ಸ್ವಲ್ಪ ಎಣ್ಣೆ ಇದ್ರೆ ಕೊಡು, ಕಿರುಗುಟ್ಟುತ್ತೆ" ಎಂದು ಕೇಳಿದ್ದುಂಟು.

ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಕೀಲಿಯಣ್ಣ ಅರದಿಂದ ತಲೆಯೆತ್ತಿ ನೋಡಿದರೆ ಎದುರಿಗೆ ಅತ್ತೆ. ಅವರು ಅಂಗಡಿಗೆ ಬಂದದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ಮೊದಲು ಮೆಟ್ಟಿಲನ್ನು ನೋಡಿದರು, ಹಲಗೆಯನ್ನು ನೋಡಿದರು, ಗಿರಾಕಿಗಳ ಸ್ಟೂಲನ್ನು ಕೈಯಿಂದ ಅಲ್ಲಾಡಿಸಿ ನೋಡಿ ಕೂತರು. ಕುತ್ತಿಗೆಯ ದಾರವನ್ನು ತಲೆಯ ಮೇಲಿಂದ ತೆಗೆದು, ಟ್ರಂಕಿನ ಕೀಲಿಯನ್ನು ಮೇಜಿನ ಮೇಲಿಟ್ಟರು. ಎಸೆಯಲಿಲ್ಲ, ಇಟ್ಟರು.

"ಇದಕ್ಕೊಂದು ಜೋಡಿ ಮಾಡಿ. ಮಗಳ ಹತ್ತಿರ ಇರಲಿ ಅಂತ."

ಕೀಲಿಯಣ್ಣ ಅರ ಕೆಳಗಿಟ್ಟ. "ಬಸ್ ನಿಲ್ದಾಣದಲ್ಲಿ ಎರಡು ನಿಮಿಷಕ್ಕೆ ಮಾಡಿಕೊಡ್ತಾರೆ ಅತ್ತೆ" ಎಂದ, ಮಾತಿಗೆ.

"ಅವರು ತಪ್ಪು ಮಾಡಿದರೆ ಮನೆಗೆ ಬಂದು ಹೇಳ್ತಾರಾ?" ಎಂದರು ಅತ್ತೆ. "ಬೇಗ ಮಾಡಿ. ಬಿಸಿಲೇರುತ್ತೆ."

ಅವನು ಅದನ್ನು ಕೈಗೆತ್ತಿಕೊಂಡ. ಹಿಡಿಯನ್ನು ಬಿಟ್ಟು ಉಳಿದದ್ದನ್ನು ಕಂಡದ್ದು ಆಗಲೇ. ಮೂರೇ ಹಲ್ಲು. ಯಾವ ಕತ್ತೆಯಾದರೂ ಉಜ್ಜಬಹುದಾದ ಕೀಲಿ. ಆದರೂ ಅಂಥ ನಿಧಾನದಲ್ಲಿ, ಅಂಥ ಜೋಪಾನದಲ್ಲಿ ಅವನು ಯಾವ ಕೀಲಿಯನ್ನೂ ಉಜ್ಜಿರಲಿಲ್ಲ. ಅತ್ತೆ ಕಣ್ಣು ಮಿಟುಕಿಸದೆ ಅವನ ಕೈಗಳನ್ನೇ ನೋಡುತ್ತ ಕೂತಿದ್ದರು. ಮುಗಿದ ಮೇಲೆ ಹಳೆಯದನ್ನೂ ಹೊಸದನ್ನೂ ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದರು. ಎರಡನ್ನೂ ದಾರಕ್ಕೆ ಪೋಣಿಸಿ, ದಾರವನ್ನು ಕೊರಳಿಗೆ ಹಾಕಿಕೊಂಡು ಎದ್ದರು. ಎರಡು ಹೆಜ್ಜೆ ಹೋದವರು ತಿರುಗಿ ನಿಂತು ಮೇಜಿನ ಕಡೆ ಬೆರಳು ತೋರಿಸಿದರು. ಅಲ್ಲಿ ಉಜ್ಜಿದ ಜಾಗದಲ್ಲಿ ಒಂದು ಚಿಟಿಕೆ ಹಿತ್ತಾಳೆಯ ಪುಡಿ ಬಿದ್ದಿತ್ತು.

"ಅದನ್ನೂ ಕೊಡಿ."

ಕೀಲಿಯಣ್ಣ ಒಂದು ಕಾಗದದ ಚೂರಿಗೆ ಪುಡಿಯನ್ನೆಲ್ಲ ಗುಡಿಸಿ, ಪೊಟ್ಟಣ ಕಟ್ಟಿ, ಎರಡೂ ಕೈಯಲ್ಲಿ ಕೊಟ್ಟ. ಆಮೇಲೆ ಅಭ್ಯಾಸದಂತೆ ಬೆನ್ನು ತಿರುಗಿಸಿ ನಿಂತ, ಅವರು ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆಂದು ನೋಡದ ಹಾಗೆ.